ಸರ್ವಾಧಿಕಾರಿಯ ಮೆಚ್ಚುಗೆಯ ಬೆಲೆ

ಸರ್ವಾಧಿಕಾರಿಗಳ ಕೋಪಕ್ಕೆ ತುತ್ತಾದ ಕಲಾವಿದರ ಕಥೆಗಳು ನಮಗೆ ಅಪರಿಚಿತವಲ್ಲ. ಅವರ ಮೆಚ್ಚುಗೆಗೆ ಪಾತ್ರರಾದವರ ಪಾಡೇನು? ಫ್ರಾನ್ಜ್ ಲೆಹಾರ್ ಅವರ ಕಡೆಯ ದಶಕವನ್ನು ನೋಡಿದವರನ್ನು ಈ ಪ್ರಶ್ನೆ ಕಾಡದೆ ಇರದು. ಮಾತು, ಹಾಡು, ಕುಣಿತಗಳು ಬೆರೆತ ಯುರೋಪಿನ ಲಘು ಸಂಗೀತ ನಾಟಕವಾದ ಅಪೆರೆಟಾದ ಹಿರಿಯ ಸಂಯೋಜಕರಲ್ಲಿ ಅವರೊಬ್ಬರು. 1905ರಲ್ಲಿ ವಿಯೆನ್ನಾದಲ್ಲಿ ರಂಗವೇರಿದ ‘ದಿ ಮೆರ್ರಿ ವಿಡೋ’ ಅವರಿಗೆ ಜಗತ್ಪ್ರಸಿದ್ಧಿ ತಂದಿತು. ದುರದೃಷ್ಟಕ್ಕೆ, ಹಿಟ್ಲರನಿಗೂ ಅದು ಅಚ್ಚುಮೆಚ್ಚಿನ ಕೃತಿಯಾಗಿತ್ತು.

1938ರ ಮಾರ್ಚ್‌ನಲ್ಲಿ ಜರ್ಮನಿಯು ಆಸ್ಟ್ರಿಯಾವನ್ನು ನುಂಗಿದಾಗ ಲೆಹಾರ್ ಅವರಿಗೆ 67 ವರ್ಷ. ಅವರು ಕ್ಯಾಥೊಲಿಕರು, ಪತ್ನಿ ಸೋಫಿ ಹುಟ್ಟಿನಿಂದ ಯೆಹೂದಿ. ಆಕೆ ಮತಾಂತರ ಹೊಂದಿದ್ದರೂ ನಾಜಿ ಕಾನೂನಿನ ಕಣ್ಣಿಗೆ ಅದು ಲೆಕ್ಕಕ್ಕಿರಲಿಲ್ಲ. ಆಕೆಯನ್ನು ಉಳಿಸಿದ್ದು ‘ಗೌರವ ಆರ್ಯ’ ಎಂಬ ವಿಚಿತ್ರ ಮನ್ನಣೆ. ಅದು ಹಕ್ಕಲ್ಲ, ಕೃಪೆ. ಕೊಟ್ಟವರು ಯಾವ ಗಳಿಗೆಯಲ್ಲಾದರೂ ಕಿತ್ತುಕೊಳ್ಳಬಹುದಾದ ಕೃಪೆ. 1940ರಲ್ಲಿ ಹಿಟ್ಲರ್ ಗಯಟೆ ಪದಕ ನೀಡಿದಾಗ ಲೆಹಾರ್ ಸ್ವೀಕರಿಸಿದರು. ಆ ಕೈ ಮುಂದೆ ಬಂದದ್ದನ್ನು ಹೇಡಿತನವೆಂದು ಬರೆಯುವುದು ನಮಗೆ ಸುಲಭ. ನಿರಾಕರಣೆಗೆ ಬೆಲೆ ತೆರಬೇಕಿದ್ದವರು ಅವರೊಬ್ಬರೇ ಅಲ್ಲ.

ಆದರೂ ಅವರ ಮೌನವನ್ನು ಪೂರ್ತಿ ಮನ್ನಿಸಲು ಮನಸ್ಸೊಪ್ಪದು. ಕಾರಣ, ಫ್ರಿಟ್ಸ್ ಲ್ಯೋನರ್-ಬೇಡ. ‘ದಿ ಲ್ಯಾಂಡ್ ಆಫ್ ಸ್ಮೈಲ್ಸ್’ (1929), ‘ಜುಡಿಟ್ಟಾ’ (1934) ಕೃತಿಗಳ ಸಾಹಿತ್ಯ ರಚಿಸಿದವರಲ್ಲಿ ಅವರೊಬ್ಬರು, ಯೆಹೂದಿ. ಆಸ್ಟ್ರಿಯಾ ಬಿದ್ದೊಡನೆ ಬಂಧಿತರಾಗಿ ಡಾಖಾವ್, ಬಳಿಕ ಬೂಖೆನ್‌ವಾಲ್ಡ್ ಶಿಬಿರ ಸೇರಿದರು. ಅಧಿಕಾರಿಗಳ ಅಪ್ಪಣೆಯಂತೆ ಅಲ್ಲಿ ಶಿಬಿರಗೀತೆಯೊಂದನ್ನು ಬರೆದರು. ಸಹಕೈದಿ ಹರ್ಮನ್ ಲಿಯೊಪೋಲ್ಡಿ ರಾಗ ಹಾಕಿದರು. ದಣಿದ ಕೈದಿಗಳು ಅದನ್ನು ಹಾಡುತ್ತ ನಡೆಯಬೇಕಿತ್ತು. ಮುಂದೆ ಆಶ್‌ವಿಟ್ಸ್ ಬಳಿಯ ಮೊನೋವಿಟ್ಸ್‌ಗೆ, ಐ.ಜಿ. ಫಾರ್ಬೆನ್ ಕಂಪನಿಯ ಕಾರ್ಖಾನೆಯ ದುಡಿಮೆಗೆ ಅವರನ್ನು ತಳ್ಳಲಾಯಿತು. 1942ರ ಡಿಸೆಂಬರಿನಲ್ಲಿ ಅಲ್ಲಿಯೇ ಸತ್ತರು. ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಅದೇ ವರ್ಷ ಕೊಲ್ಲಲಾಗಿತ್ತು.

ಇತ್ತ ‘ಮೆರ್ರಿ ವಿಡೋ’ ಪ್ರದರ್ಶನಗಳು ಸಾಂಗವಾಗಿ ನಡೆದೇ ಇದ್ದವು. ಅದರ ಸಾಹಿತ್ಯ ಬರೆದ ವಿಕ್ಟರ್ ಲಿಯೊನ್, ಲಿಯೊ ಸ್ಟೈನ್ ಇಬ್ಬರೂ ಯೆಹೂದಿಗಳೇ. ಅವರ ಹೆಸರುಗಳನ್ನಷ್ಟೇ ಅಳಿಸಿಹಾಕಲಾಯಿತು. ಮೊದಲ ಪ್ರದರ್ಶನದಲ್ಲಿ ನಾಯಕನ ಪಾತ್ರ ವಹಿಸಿದ್ದ ಲೂಯಿ ಟ್ರಾಯ್ಮನ್ 1943ರಲ್ಲಿ ಟೆರೆಜಿನ್ ಶಿಬಿರದಲ್ಲಿ ಅಸುನೀಗಿದರು.

ಗೆಳೆಯನನ್ನು ಬಿಡಿಸಲು ಲೆಹಾರ್ ಪ್ರಯತ್ನಿಸಿದರೇ ಎಂಬ ವಾದ ಇನ್ನೂ ಮುಗಿದಿಲ್ಲ. ಯುದ್ಧ ಮುಗಿದ ಮೇಲೆ ಲೆಹಾರ್ ಹೆಚ್ಚು ಕಾಲ ಬಾಳಲಿಲ್ಲ. ಸೋಫಿ 1947ರಲ್ಲಿ, ಅವರು 1948ರಲ್ಲಿ ಬಾಡ್ ಇಶ್ಲ್‌ನಲ್ಲಿ ತೀರಿಕೊಂಡರು.

ಅವರ ಸಂಗೀತವನ್ನು ಬಹಿಷ್ಕರಿಸಬೇಕೆಂದು ಯಾರೂ ಹೇಳಲಾರರು; ಹಾಗೆ ಮಾಡಿದರೆ ಲ್ಯೋನರ್-ಬೇಡ ಅವರ ಮಾತುಗಳೂ ಅದರೊಡನೆ ಮರೆಯಾಗುತ್ತವೆ. ಆದರೆ ಅವರ ಕೃತಿಗಳನ್ನು ಆಡುವ ರಂಗಮಂದಿರಗಳು ಪ್ರೇಕ್ಷಕರ ಕೈಗಿಡುವ ಕಿರುಹೊತ್ತಗೆಯಲ್ಲಿ ಸಾಹಿತಿಯ ಹೆಸರಷ್ಟೇ ಅಲ್ಲ, ಆತ ಸತ್ತ ಸ್ಥಳವನ್ನೂ ವರ್ಷವನ್ನೂ ಅಚ್ಚಿಸಬೇಕು.