ಕ್ರೀಡಾಂಗಣವೂ ಕೊನೆಯ ಗಾಡಿಯೂ

ದೊಡ್ಡದೊಂದು ಕ್ರೀಡಾಂಗಣ ಬರುವುದೆಂದರೆ ಯಾವ ಊರಿಗಾದರೂ ಹೆಮ್ಮೆಯ ಸಂಗತಿಯೇ. ಖಾರ್ಘರದಲ್ಲಿ ಸಿಡ್ಕೊ ಸಂಸ್ಥೆ ಹಮ್ಮಿಕೊಂಡ ಫುಟ್‌ಬಾಲ್ ಕೇಂದ್ರದ ಯೋಜನೆಯಲ್ಲಿ ಅಭ್ಯಾಸದ ಮೈದಾನಗಳಲ್ಲದೆ, ಸಹಸ್ರಾರು ಪ್ರೇಕ್ಷಕರು ಕುಳಿತು ನೋಡಬಹುದಾದ ಕ್ರೀಡಾಂಗಣವೂ ಸೇರಿದೆ. ಈ ಸಂಕಲ್ಪವನ್ನು ನಾವು ಹೃತ್ಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಅಲ್ಲಿ ಮೊದಲ ದೊಡ್ಡ ಪಂದ್ಯದ ಟಿಕೇಟು ಮಾರಾಟವಾಗುವ ಮುನ್ನ ಒಂದು ಪ್ರಶ್ನೆಗೆ ಉತ್ತರ ದೊರೆಯಬೇಕಾಗಿದೆ. ಪಂದ್ಯ ಮುಗಿದ ರಾತ್ರಿ ಅಷ್ಟು ಮಂದಿ ಯಾವ ದಾರಿಯಿಂದ ಮನೆ ಸೇರುವರು? ಆ ಪಂದ್ಯಕ್ಕೂ ತಮಗೂ ಯಾವ ಸಂಬಂಧವೂ ಇಲ್ಲದೆ, ಅದೇ ಹೊತ್ತಿಗೆ ಕೆಲಸ ಮುಗಿಸಿ ಅದೇ ಗಾಡಿಗೆ ಕಾದು ನಿಲ್ಲುವ ಹೋಟೆಲು ಕಾರ್ಮಿಕರೂ ಗುಮಾಸ್ತರೂ ಹೇಗೆ ಮನೆ ಸೇರುವರು?

ಇದಕ್ಕೆ ಪಾಠ ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ನೆರೂಳಿನ ಡಿ. ವೈ. ಪಾಟೀಲ ಕ್ರೀಡಾಂಗಣ 2008ರ ಮಾರ್ಚಿಯಲ್ಲಿ ಉದ್ಘಾಟನೆಗೊಂಡಿತು. ಕ್ರಿಕೆಟಿಗಾಗಿ ಕಟ್ಟಿದ್ದಾದರೂ ಫುಟ್‌ಬಾಲಿನ ಭಾಗ್ಯ ಅದಕ್ಕೆ ಕಡಿಮೆಯಾಗಲಿಲ್ಲ. ಇಂಡಿಯನ್ ಸೂಪರ್ ಲೀಗಿನ ಪ್ರಪ್ರಥಮ ಅಂತಿಮ ಪಂದ್ಯ 2014ರ ಡಿಸೆಂಬರ್ 20ರಂದು ಅಲ್ಲಿಯೇ ನಡೆಯಿತು. 2017ರ ಅಕ್ಟೋಬರಿನಲ್ಲಿ ಹದಿನೇಳು ವಯಸ್ಸಿನೊಳಗಿನ ಹುಡುಗರ ವಿಶ್ವಕಪ್ಪಿನ ಪಂದ್ಯಗಳು, ಸ್ಪೇನ್ ಮತ್ತು ಮಾಲಿ ದೇಶಗಳ ಸೆಮಿಫೈನಲೂ ಸೇರಿದಂತೆ, ಅಲ್ಲಿ ಜರಗಿದುವು. 2022ರ ಫೆಬ್ರವರಿ 6ರಂದು ಮಹಿಳೆಯರ ಏಷ್ಯಾ ಕಪ್ಪಿನ ಅಂತಿಮ ಪಂದ್ಯ, ಅದೇ ವರ್ಷದ ಅಕ್ಟೋಬರ್ 30ರಂದು ಬಾಲಿಕೆಯರ ವಿಶ್ವಕಪ್ಪಿನ ಅಂತಿಮ ಪಂದ್ಯ, ಎರಡೂ ಅಲ್ಲಿಯೇ. ಸುಮಾರು 45 ಸಾವಿರ ಮಂದಿಗೆ ಆಸನವಿರುವ ಈ ಕ್ರೀಡಾಂಗಣವು ಸಯನ್–ಪನ್ವೇಲ್ ಹೆದ್ದಾರಿಯ ಬದಿಯಲ್ಲಿದೆ. ನೆರೂಳ್ ಮತ್ತು ಜುಯಿನಗರ ಸ್ಟೇಷನ್ನುಗಳಿಂದ ಕಾಲ್ನಡಿಗೆಯಲ್ಲಿ ಅಲ್ಲಿಗೆ ತಲಪಬಹುದು. ಸೌಕರ್ಯವೂ ಅದೇ, ಸಂಕಟವೂ ಅದೇ.

ಕಾಲ್ಚೆಂಡಾಟ ನಮ್ಮವರಿಗೆ ಹೊಸದಲ್ಲ. ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಪ್ರಥಮ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್ ಎಂಬುದನ್ನೂ, 1937ರಲ್ಲಿ ಗೆದ್ದ ಆ ತಂಡ ಮರುವರ್ಷವೂ ಆ ಕಪ್ಪನ್ನು ಉಳಿಸಿಕೊಂಡಿತೆಂಬುದನ್ನೂ ಹಳಬರು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ಆದುದರಿಂದ ನಮ್ಮ ಮಾತು ಆಟಕ್ಕೆ ವಿರೋಧವಾದುದೆಂದು ಯಾರೂ ತಿಳಿಯಬಾರದು. ಆಟಕ್ಕಾಗಿ ಸೇರುವ ಜನರ ಪ್ರಾಣಕ್ಕೂ ಮಾನಕ್ಕೂ ಬೆಲೆ ಇರಬೇಕೆಂಬುದಷ್ಟೇ ನಮ್ಮ ಅಭಿಪ್ರಾಯ.

ಜನಸಂದಣಿಯ ದುರಂತಗಳು ಎಲ್ಲಿ ಸಂಭವಿಸುತ್ತವೆ ಎಂಬುದನ್ನು ಗಮನಿಸಬೇಕು. 1971ರ ಜನವರಿ 2ರಂದು ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ ಮಡಿದ 66 ಮಂದಿ ಆಟ ಮುಗಿಸಿ ಹೊರಡುವಾಗ ಒಂದು ಮೆಟ್ಟಿಲುಸಾಲಿನ ಮೇಲೆ ಮಡಿದರು. 2017ರ ಸೆಪ್ಟೆಂಬರ್ 29ರಂದು ನಮ್ಮ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಪಾದಚಾರಿ ಸೇತುವೆಯಲ್ಲಿ 23 ಜೀವಗಳು ಹೋದುವು. ಅಲ್ಲಿ ಯಾವ ಪಂದ್ಯವೂ ಇರಲಿಲ್ಲ. ಮಳೆ ಬಂತು, ಜನ ಸೇತುವೆಯಲ್ಲಿ ನಿಂತರು, ಗಾಡಿಗಳು ಬಂದುವು, ಇನ್ನಷ್ಟು ಜನ ಮೇಲೇರಿದರು. ಅದಾದ ಒಂದೇ ವಾರಕ್ಕೆ, ಅಕ್ಟೋಬರ್ 6ರಂದು, ನೆರೂಳಿನಲ್ಲಿ ವಿಶ್ವಕಪ್ಪಿನ ಆಟ ಆರಂಭವಾಯಿತು. 2023ರ ಏಪ್ರಿಲ್ 16ರಂದು ಖಾರ್ಘರದ ಬಯಲಿನಲ್ಲಿ ನಡೆದ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಸಮಾರಂಭಕ್ಕೆ ಬಂದವರಲ್ಲಿ 14 ಮಂದಿ ಬಿಸಿಲಿನ ಹೊಡೆತಕ್ಕೆ ಬಲಿಯಾದರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ವಿಜಯೋತ್ಸವ ನೋಡಬಂದ 11 ಮಂದಿ ಕಾಲ್ತುಳಿತದಲ್ಲಿ ಅಸುನೀಗಿದರು. ಈ ಯಾವ ಸಾವೂ ಆಟದಿಂದ ಬಂದುದಲ್ಲ. ಬಾಗಿಲು, ಮೆಟ್ಟಿಲು, ಸೇತುವೆ, ನೆರಳಿಲ್ಲದ ಬಯಲು ಇವೇ ಸಾವಿನ ಸ್ಥಳಗಳು.

ಐಬ್ರಾಕ್ಸ್ ದುರಂತದ ತರುವಾಯ ಬ್ರಿಟನ್ನಿನಲ್ಲಿ 1973ರಲ್ಲಿ ಕ್ರೀಡಾಂಗಣಗಳ ಸುರಕ್ಷತೆಗಾಗಿ ಒಂದು ಮಾರ್ಗದರ್ಶಿ ಹೊರಟಿತು. ಅನೇಕ ಸಲ ಪರಿಷ್ಕೃತವಾಗಿರುವ ಆ ಗ್ರಂಥದ ಲೆಕ್ಕದಂತೆ, ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ಒಂದು ನಿಮಿಷದಲ್ಲಿ ಹೆಚ್ಚೆಂದರೆ 82 ಮಂದಿ ಸಾಗಬಹುದು. ಮೆಟ್ಟಿಲಿನಲ್ಲಾದರೆ ಇನ್ನೂ ಕಡಿಮೆ. ಈ ಲೆಕ್ಕವನ್ನು ನಮ್ಮ ಊರಿಗೆ ಅನ್ವಯಿಸಿ ನೋಡೋಣ. ಕ್ರೀಡಾಂಗಣ ಬಿಟ್ಟವರಲ್ಲಿ 20 ಸಾವಿರ ಮಂದಿ ರೈಲಿಗೆ ಬಂದರೆಂದೂ, ಅವರೆಲ್ಲ ನಾಲ್ಕು ಮೀಟರ್ ಅಗಲದ ಒಂದು ಸೇತುವೆ ದಾಟಬೇಕಾಯಿತೆಂದೂ ಇಟ್ಟುಕೊಳ್ಳೋಣ. ನಿಮಿಷಕ್ಕೆ 328 ಮಂದಿಯಂತೆ, ಎಲ್ಲರೂ ದಾಟಲು ಒಂದು ಗಂಟೆಗಿಂತ ಹೆಚ್ಚು ಬೇಕು. ಒಂದು ಲೋಕಲಿಗೆ, ನಿಂತವರೂ ಸೇರಿ, ಮೂರು ಸಾವಿರ ಮಂದಿಯೆಂದರೆ ಏಳು ಗಾಡಿಗಳು ಬೇಕು. ಹತ್ತು ನಿಮಿಷಕ್ಕೊಂದು ಗಾಡಿ ಬಿಟ್ಟರೂ, ಏಳನೆಯದು ಹೊರಡುವಾಗ ಒಂದು ಗಂಟೆ ಕಳೆದಿರುತ್ತದೆ. ಆ ಗಾಡಿಗಳಲ್ಲಿ ಮೊದಲೇ ಕುಳಿತವರ ಲೆಕ್ಕ ಇದರಲ್ಲಿ ಸೇರಿಲ್ಲ.

ಎಂದ ಮೇಲೆ, ಕ್ರೀಡಾಂಗಣದ ಬಾಗಿಲುಗಳು ಎಷ್ಟು ಅಗಲವಿದ್ದರೇನು? ಹೊರಗಿನ ಸೇತುವೆಯೂ ಗಾಡಿಯೂ ಸಣ್ಣದಾದರೆ, ಬಾಗಿಲು ಅಗಲವಾದಷ್ಟೂ ಅಪಾಯ ಬೇಗನೆ ಸ್ಟೇಷನ್ನಿಗೆ ತಲಪುತ್ತದೆ. ಕ್ರೀಡಾಂಗಣದ ಅಳತೆಯನ್ನು ಆಸನಗಳ ಸಂಖ್ಯೆಯಿಂದಷ್ಟೇ ನಿಶ್ಚಯಿಸುವುದು ತಪ್ಪು. ಅಲ್ಲಿಂದ ಹೊರಡುವ ದಾರಿಯಲ್ಲಿ ಎಲ್ಲಕ್ಕಿಂತ ಇಕ್ಕಟ್ಟಾದ ಜಾಗ ಯಾವುದೋ ಅದರಿಂದಲೂ ನಿಶ್ಚಯಿಸಬೇಕು.

ಇದಕ್ಕೆ ವಾರದ ದಿನವೂ ಸೇರಿಕೊಳ್ಳುತ್ತದೆ. 2022ರ ಎರಡು ಅಂತಿಮ ಪಂದ್ಯಗಳೂ ಭಾನುವಾರವೇ ನಡೆದುವು. ಭಾನುವಾರವೆಂದರೆ ರೈಲ್ವೆಯವರಿಗೆ ದುರಸ್ತಿಯ ಮೆಗಾಬ್ಲಾಕಿನ ದಿನ. ಹೋಟೆಲಿನವನಿಗಾದರೋ ಅದು ರಜೆಯಲ್ಲ, ಎಲ್ಲಕ್ಕಿಂತ ಹೆಚ್ಚು ಗಿರಾಕಿ ಬರುವ ದಿನ. 2025ರ ನವೆಂಬರ್ 2, ಅದೂ ಭಾನುವಾರ, ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕವನ್ನು ಸೋಲಿಸಿ ಕ್ರಿಕೆಟ್ ವಿಶ್ವಕಪ್ಪನ್ನು ನೆರೂಳಿನಲ್ಲಿ ಎತ್ತಿ ಹಿಡಿದರು. ಮಳೆಯಿಂದ ಆಟ ಎರಡು ಗಂಟೆ ತಡವಾಗಿ ಆರಂಭವಾಗಿ, ಮಧ್ಯರಾತ್ರಿಯ ಸುಮಾರಿಗೆ ಮುಗಿಯಿತು. ಫುಟ್‌ಬಾಲಿನಲ್ಲಿಯೂ ಸಮಬಲವಾದರೆ ಅರ್ಧ ಗಂಟೆಯ ಹೆಚ್ಚಿನ ಆಟ, ಆ ಮೇಲೆ ಪೆನಾಲ್ಟಿ. ಆಟ ಕಾಯಬಹುದು, ಕೊನೆಯ ಗಾಡಿ ತಾನಾಗಿ ಕಾಯುವುದಿಲ್ಲ. ಅದನ್ನು ಕಾಯಿಸುವ ಅಧಿಕಾರವುಳ್ಳವರು ಮೊದಲೇ ಮನಸ್ಸು ಮಾಡಬೇಕು.

ಕಲ್ಯಾಣ, ಡೊಂಬಿವಲಿಗಳ ಕಡೆಗೆ ಹೋಗುವವರ ಕಷ್ಟ ಇಮ್ಮಡಿ. ನೆರೂಳಿನಲ್ಲಿ ಗಾಡಿ ಹತ್ತಿದರೆ ಸಾಲದು. ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ಇನ್ನೊಂದು ಗಾಡಿ ಹಿಡಿಯಬೇಕು. ಆ ದಾರಿ ಎಷ್ಟು ಕಠಿಣವೆಂಬುದಕ್ಕೆ 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ಬಳಿ ಬಾಗಿಲಲ್ಲಿ ಜೋತು ನಿಂತ ಪ್ರಯಾಣಿಕರು ಕೆಳಕ್ಕೆ ಬಿದ್ದು ಪ್ರಾಣ ಕಳೆದುಕೊಂಡ ಘಟನೆಯೇ ಸಾಕ್ಷಿ. ಐರೋಲಿ–ಕಳವಾ ಮೇಲ್ದಾರಿ ಪೂರ್ಣವಾದರೆ, ಕಲ್ಯಾಣದ ಗಾಡಿಗಳು ಠಾಣೆಯನ್ನು ಮುಟ್ಟದೆಯೇ ನವಿಮುಂಬಯಿಗೆ ಬರಬಹುದು. ಆ ಯೋಜನೆಯ ಅಂಗವಾದ ದಿಘಾಗಾಂವ್ ಸ್ಟೇಷನ್ 2024ರ ಜನವರಿ 12ರಂದು ತೆರೆಯಿತು. ಮೇಲ್ದಾರಿ ಮಾತ್ರ ಬಾಕಿ ಉಳಿದಿದೆ. ಹೊಸ ಕ್ರೀಡಾಂಗಣದ ಮಾತಾಡುವವರು ಈ ಮೇಲ್ದಾರಿಯ ಮಾತನ್ನೂ ಅಷ್ಟೇ ಗಟ್ಟಿಯಾಗಿ ಆಡಬೇಕು.

ಮನಸ್ಸು ಮಾಡಿದರೆ ರೈಲ್ವೆಯವರಿಗೆ ಅಸಾಧ್ಯವಾದುದೇನೂ ಇಲ್ಲ. 2024ರ ಮೇ ಕೊನೆಯಲ್ಲಿ 63 ಗಂಟೆಗಳ ಬ್ಲಾಕ್ ಮಾಡಿ ಠಾಣೆಯ 5ನೆಯ ಪ್ಲಾಟ್‌ಫಾರ್ಮನ್ನು ಅವರು ಅಗಲಗೊಳಿಸಿದರು. 2025ರ ಜನವರಿಯಲ್ಲಿ ವಿದೇಶೀ ಸಂಗೀತ ತಂಡವೊಂದು ನೆರೂಳಿಗೆ ಬಂದಾಗ ಪಶ್ಚಿಮ ರೈಲ್ವೆ ಗೋರೆಗಾಂವಿನಿಂದ ನೆರೂಳಿಗೆ ವಿಶೇಷ ಗಾಡಿಗಳನ್ನೇ ಓಡಿಸಿತು. ಸಂಗೀತ ಕೇಳಲು ಬಂದವರಿಗೆ ದೊರೆತ ಈ ಸೌಕರ್ಯ ಫುಟ್‌ಬಾಲ್ ನೋಡಲು ಬಂದವರಿಗೂ, ಗೋರೆಗಾಂವಿನ ದಿಕ್ಕಿಗೆ ದೊರೆತದ್ದು ಕಲ್ಯಾಣದ ದಿಕ್ಕಿಗೂ ದೊರೆಯಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ದೊಡ್ಡ ಪಂದ್ಯಗಳ ದಿನ ನೆರೂಳಿನ ಮಾರ್ಗಗಳಲ್ಲಿ ಮೆಗಾಬ್ಲಾಕ್ ಇರಕೂಡದು. ಪಂದ್ಯ ಮುಗಿದ ಮೇಲೆ ಠಾಣೆಗೆ ವಿಶೇಷ ಗಾಡಿಗಳೂ, ಠಾಣೆಯಲ್ಲಿ ಅವಕ್ಕೆ ಹೊಂದಿಕೊಂಡು ಕಲ್ಯಾಣದವರೆಗಿನ ಗಾಡಿಗಳೂ ಇರಬೇಕು. ಎರಡನೆಯದಾಗಿ, ಗಾಡಿಗಳು ನಿಂತ ಮೇಲೆ ಮಹಾಪೆ, ಶಿಳ್‌ಫಾಟಾ ದಾರಿಯಾಗಿ ಡೊಂಬಿವಲಿ, ಕಲ್ಯಾಣಗಳಿಗೆ ಹೋಗುವ ಬಸ್ಸುಗಳನ್ನು ನವಿಮುಂಬಯಿ, ಠಾಣೆ, ಕಲ್ಯಾಣ–ಡೊಂಬಿವಲಿ ಸಾರಿಗೆ ಸಂಸ್ಥೆಗಳು ಕೂಡಿ ಓಡಿಸಬೇಕು. ಮೂರನೆಯದಾಗಿ, ಜನರನ್ನು ಒಮ್ಮೆಗೇ ಹೊರಗೆ ಬಿಡದೆ, ಒಂದೊಂದು ಗ್ಯಾಲರಿಯಾಗಿ ಬಿಡಬೇಕು.

ಈ ಮೂರನೆಯ ಮಾತು ನಮ್ಮವರಿಗೆ ವಿವರಿಸಿ ಹೇಳಬೇಕಾದುದಲ್ಲ. ದೇವಸ್ಥಾನದ ಊಟಕ್ಕೆ ಸಾವಿರ ಮಂದಿ ಬಂದರೂ ಒಂದು ಪಂಕ್ತಿ ಎದ್ದು, ಎಲೆ ತೆಗೆದು, ನೆಲ ಒರೆಸಿದ ಮೇಲೆಯೇ ಇನ್ನೊಂದು ಪಂಕ್ತಿ ಕೂರುತ್ತದೆ. ಕಾಯುವವನಿಗೆ ತನ್ನ ಸರದಿ ಬಂದೇ ಬರುತ್ತದೆಂಬ ನಂಬಿಕೆ ಇರುವುದರಿಂದ ಅಲ್ಲಿ ನೂಕಾಟವಿಲ್ಲ. ಮಧ್ಯಾಹ್ನದ ಹೊತ್ತು ಹೋಟೆಲು ನಡೆಸಿದವರಿಗೂ ಇದು ತಿಳಿದ ವಿಷಯವೇ. ಗಲ್ಲಾದ ಎದುರು ನಾಲ್ಕು ಮಂದಿ ಚಿಲ್ಲರೆಗಾಗಿ ನಿಂತರೆ, ಒಳಗೆ ಮೇಜು ಖಾಲಿಯಿದ್ದರೂ ಬಾಗಿಲಲ್ಲಿ ಗದ್ದಲವಾಗುತ್ತದೆ. ಕ್ರೀಡಾಂಗಣದಲ್ಲಿಯೂ ಆಟ ಮುಗಿದ ಮೇಲೆ ಉಪಾಹಾರದ ಮಳಿಗೆಗಳು ತೆರೆದಿರಲಿ, ಕುಡಿಯುವ ನೀರು ಬೆಲೆಯಿಲ್ಲದೆ ಸಿಗಲಿ, ಮುಂದಿನ ಗಾಡಿ ಎಷ್ಟು ಹೊತ್ತಿಗೆ ಎಂಬುದನ್ನು ಮರಾಠಿ, ಹಿಂದಿಗಳಲ್ಲಿ ಧ್ವನಿವರ್ಧಕದಿಂದ ಸಾರಲಿ. ಗಾಡಿ ಇದೆಯೆಂಬ ಭರವಸೆ ಇದ್ದವನು ಓಡುವುದಿಲ್ಲ.

ನಾಲ್ಕನೆಯದಾಗಿ, ಪಂದ್ಯದ ಟಿಕೇಟಿನಲ್ಲಿಯೇ ರೈಲು, ಬಸ್ಸುಗಳ ದರವೂ ಸೇರಬೇಕು. 2006ರ ವಿಶ್ವಕಪ್ಪಿನಲ್ಲಿ ಜರ್ಮನಿಯವರು ಇದನ್ನು ಮಾಡಿ ತೋರಿಸಿದರು. ಚೆನ್ನೈಯಲ್ಲಿ 2024ರ ಐಪಿಎಲ್ ಪಂದ್ಯಗಳ ಟಿಕೇಟು ತೋರಿಸಿದವರು ಮೆಟ್ರೊ ಮತ್ತು ನಗರ ಬಸ್ಸುಗಳಲ್ಲಿ ಬೇರೆ ಹಣ ಕೊಡದೆ ಪ್ರಯಾಣ ಮಾಡಿದರು. ಬೆಂಗಳೂರಿನ ಮೆಟ್ರೊ ಪಂದ್ಯದ ರಾತ್ರಿಗಳಲ್ಲಿ ವೇಳೆಯನ್ನು ವಿಸ್ತರಿಸಿ, ಮರಳುವ ಪ್ರಯಾಣದ ಟಿಕೇಟನ್ನು ಮುಂಗಡವಾಗಿ ಮಾರುವ ಕ್ರಮವನ್ನಿಟ್ಟುಕೊಂಡಿದೆ. ಟಿಕೇಟಿನ ಕಿಟಕಿಯ ಮುಂದಿನ ಸಾಲು ಇಲ್ಲವಾದರೆ ಸ್ಟೇಷನ್ನಿನ ಅರ್ಧ ಗದ್ದಲ ಇಲ್ಲವಾದಂತೆಯೇ ಸರಿ. ಅಲ್ಲದೆ, ಎಷ್ಟು ಮಂದಿ ರೈಲಿಗೆ ಬರುವರೆಂಬ ಅಂದಾಜೂ ಮುಂಚಿತವಾಗಿ ಸಿಗುತ್ತದೆ.

ಖಾರ್ಘರಕ್ಕೆ ಒಂದು ಅನುಕೂಲವಿದೆ. ಬೇಲಾಪುರದಿಂದ ಪೆಂಢರಿನವರೆಗೆ ನವಿಮುಂಬಯಿ ಮೆಟ್ರೊ 2023ರ ನವೆಂಬರಿನಿಂದ ಓಡುತ್ತಿದ್ದು, ಖಾರ್ಘರದ ಮೂಲಕವೇ ಹಾದುಹೋಗುತ್ತದೆ. ಆದರೆ ಅದರ ಗಾಡಿಗಳು ಮೂರು ಡಬ್ಬಿಗಳವು. ಲೋಕಲಿನ ಹನ್ನೆರಡು ಡಬ್ಬಿಗಳ ಹೊರೆಯನ್ನು ಅವು ಹೊರಲಾರವು. ಈ ಲೆಕ್ಕವನ್ನು ಕಟ್ಟುವ ಮೊದಲೇ ಮಾಡಿದರೆ ಕಾಗದದ ಖರ್ಚು ಮಾತ್ರ; ಕಟ್ಟಿದ ಮೇಲೆ ಮಾಡಿದರೆ ಏನು ತೆರಬೇಕಾಗುವುದೆಂಬುದನ್ನು ಮೇಲೆ ಹೇಳಿದ ಘಟನೆಗಳೇ ತಿಳಿಸುತ್ತವೆ.

ಹೋಟೆಲು ಮಾಲಕರಾದ ಬಂಧುಗಳಿಗೂ ಒಂದು ಮಾತು. ಪಂದ್ಯದ ದಿನ ವಾಶಿ, ನೆರೂಳ್, ಜುಯಿನಗರಗಳಲ್ಲಿ ವ್ಯಾಪಾರ ಹೆಚ್ಚುವುದು ಸಹಜ. ಆ ಲಾಭದಲ್ಲಿ ದುಡಿದವನಿಗೂ ಪಾಲಿರಬೇಕಲ್ಲವೆ? ಅಂದು ತಡರಾತ್ರಿಯವರೆಗೆ ನಿಂತ ಮಾಣಿಗೂ, ಭಟ್ಟಿಯ ಮುಂದೆ ಬೆವರಿಳಿಸಿದ ಅಡುಗೆಯವನಿಗೂ ಹೆಚ್ಚಿನ ಸಂಬಳ ಸಲ್ಲಬೇಕು. ದೂರದಿಂದ ಬರುವವರನ್ನು ಜನ ಹೊರಬೀಳುವ ಮುನ್ನವೇ ಸರದಿಯಂತೆ ಬಿಡಬೇಕು, ಇಲ್ಲವೆ ರಾತ್ರಿ ಮಲಗಲು ಜಾಗ ಕೊಡಬೇಕು. ನೂರಾರು ಮಂದಿಗೆ ಉಣಬಡಿಸಿದವನು ತಾನು ಪ್ಲಾಟ್‌ಫಾರ್ಮಿನಲ್ಲಿ ಬೆಳಗು ಮಾಡಬೇಕಾದುದು ನಮ್ಮ ಉದ್ಯಮಕ್ಕೆ ಶೋಭೆಯಲ್ಲ.

ಓದುಗರಾದ ಶ್ರಮಜೀವಿಗಳೂ ತಮ್ಮ ಕರ್ತವ್ಯವನ್ನು ಮರೆಯಬಾರದು. ಸೇತುವೆಯ ಮೇಲೆ ನಿಂತು ಫೋನು ನೋಡುವುದು, ಹಳಿ ದಾಟುವುದು, ಓಡುವ ಗಾಡಿಗೆ ಹಾರುವುದು ಇವುಗಳಿಂದ ಐದು ನಿಮಿಷ ಉಳಿಯಬಹುದು. ಊರಿನಲ್ಲಿ ನಮ್ಮ ಹಣದ ದಾರಿ ಕಾಯುವ ತಾಯ್ತಂದೆಯರಿಗೆ ಆ ಐದು ನಿಮಿಷ ಬೇಕಾಗಿಲ್ಲ, ನಾವು ಬೇಕು.

ಸಿಡ್ಕೊ, ನವಿಮುಂಬಯಿ ಮಹಾನಗರಪಾಲಿಕೆ, ಮಧ್ಯ ರೈಲ್ವೆ ಮತ್ತು ಪೋಲೀಸು ಇಲಾಖೆಗಳು ಒಂದೇ ಮೇಜಿನ ಸುತ್ತ ಕುಳಿತು, ಹೊಸ ಕ್ರೀಡಾಂಗಣಕ್ಕೂ ಹಳೆಯದಕ್ಕೂ ಅನ್ವಯಿಸುವ ಪಂದ್ಯದ ದಿನದ ಸಾರಿಗೆ ವ್ಯವಸ್ಥೆಯೊಂದನ್ನು ಬರೆದು, ಅದನ್ನು ಜನರ ಮುಂದೆ ಪ್ರಕಟಿಸಬೇಕೆಂದು ನಾವು ಆಗ್ರಹಪಡಿಸುತ್ತೇವೆ. ಡೊಂಬಿವಲಿ, ಕಲ್ಯಾಣ, ಠಾಣೆ, ನವಿಮುಂಬಯಿಗಳ ಕನ್ನಡ ಸಂಘಗಳು ತಮ್ಮ ವಾರ್ಷಿಕೋತ್ಸವಗಳ ನಡುವೆ ಬಿಡುವು ಮಾಡಿಕೊಂಡು, ಇತರ ಪ್ರಯಾಣಿಕರ ಸಂಘಗಳೊಡನೆ ಕೂಡಿ, ಈ ಕುರಿತು ಮನವಿ ಸಲ್ಲಿಸಲಿ. ಆ ವ್ಯವಸ್ಥೆಯಲ್ಲಿ ಕಲ್ಯಾಣಕ್ಕೆ ಹೋಗುವ ಕೊನೆಯ ಗಾಡಿಯ ವೇಳೆ ಮೊದಲ ಪುಟದಲ್ಲಿಯೇ ಇರಲಿ.