ಚಿಕಿತ್ಸೆಯ ನೀರು ಎಲ್ಲಿಗೆ ಹರಿಯಬೇಕು?

ಕೇರಳದ ವೇಂಬನಾಡು ಸರೋವರದ ದಡದಲ್ಲಿರುವ ಕುಮರಕೋಮಿನ ‘ಕೋಕೋನಟ್ ಲಗೂನ್’ ಆಯುರ್ವೇದ ಚಿಕಿತ್ಸೆಯುಳ್ಳ ವಿಹಾರಧಾಮ. ಹಳೆಯ ತರವಾಡು ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮರಳಿ ಜೋಡಿಸಲಾಗಿದೆ. ಅಳಿವಿನಂಚಿಗೆ ಸರಿದಿದ್ದ ಗಿಡ್ಡ ತಳಿಯ ವೆಚೂರು ಹಸುಗಳು ಅಂಗಳದ ಹುಲ್ಲನ್ನು ಮೇಯುತ್ತವೆ. 2002ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಆ ಜಲರಾಶಿಯ ಬದಿಯಲ್ಲಿ ಇಂತಹ ಸಂಯಮವು ಅಲಂಕಾರವಲ್ಲ, ಕರ್ತವ್ಯ.

ವಾಯು, ಜಲ, ದೇಶ, ಕಾಲಗಳು ಕೆಟ್ಟರೆ ಇಡೀ ಜನಪದವೇ ರೋಗಕ್ಕೆ ತುತ್ತಾಗುವುದನ್ನು ಚರಕಸಂಹಿತೆಯ ವಿಮಾನಸ್ಥಾನದ 3ನೆಯ ಅಧ್ಯಾಯವು ವಿವರಿಸುತ್ತದೆ. ಒಬ್ಬರ ಅಭ್ಯಂಗದ ಎಣ್ಣೆಯು ಊರವರ ಕುಡಿಯುವ ನೀರಿಗೆ ಸೇರಿದರೆ ಅದು ರೋಗಪರಿಹಾರವಲ್ಲ, ರೋಗದ ವರ್ಗಾವಣೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನಮಗೆ ಕೃಷ್ಣೆ, ದೂಧಗಂಗೆ, ವೇದಗಂಗೆಯರೇ ಜೀವಾಳ. ಇಲ್ಲಿಯ ಪಂಚಕರ್ಮ ಕೇಂದ್ರಗಳು ಮೈಯ ಎಣ್ಣೆಯನ್ನು ಮೊದಲು ಕಡಲೆಹಿಟ್ಟಿನಿಂದ ತೆಗೆದು, ಆ ಹಿಟ್ಟನ್ನು ಗೊಬ್ಬರದ ಗುಂಡಿಗೆ ಹಾಕಲಿ. ಸ್ನಾನದ ನೀರು ಜಿಡ್ಡು ತಡೆಯುವ ತೊಟ್ಟಿಯನ್ನು ದಾಟಿ ತೋಟಕ್ಕೆ ಹರಿಯಲಿ. ಉದ್ಯೋಗವೂ ಹಾಲು, ಜೋಳಗಳ ಖರೀದಿಯೂ ಸುತ್ತಲಿನ ಊರಿಗೇ ಸಲ್ಲಲಿ. ಗಳಿಕೆಯು ಕಾಯಕವಾಗುವುದು ಅದರಲ್ಲಿ ದಾಸೋಹವಿದ್ದಾಗ ಮಾತ್ರ. ಸದ್ಭಕ್ತರು ಚಿಕಿತ್ಸೆಗೆ ಹೋದಲ್ಲೆಲ್ಲ, ಶುಲ್ಕವನ್ನು ಕೇಳುವ ಮೊದಲು, ನೀರು ಎಲ್ಲಿಗೆ ಹೋಗುತ್ತದೆಂದು ಕೇಳಬೇಕು.