ಬ್ಯಾಂಡಿನವರ ಹಾಡೂ ಬ್ಯಾಂಡಿನವರ ಹಕ್ಕೂ

ಪತ್ತನಾಜೆ ಕಳೆದು ಮಳೆ ಹಿಡಿದರೆ ನಮ್ಮ ಕಡೆಯ ವಾದ್ಯದವರಿಗೆ ಕೆಲಸವಿಲ್ಲ. ಪೊಳಲಿಯ ಚೆಂಡು, ಕೋಲ, ಮದುವೆ ಎಂದು ಬೇಸಗೆಯೆಲ್ಲ ನಿದ್ದೆಗೆಟ್ಟವರು ಆಮೇಲೆ ಕೂಲಿ ಹುಡುಕುತ್ತಾರೆ. ಈ ಬಿಡುವಿನಲ್ಲಿ ಪೊಳಲಿ ಸಮೀಪದ ಐವರು ಹುಡುಗರು ತಮ್ಮ ನಾಲ್ಕು ತುಳು ಹಾಡುಗಳನ್ನು ಮನೆಯಲ್ಲಿಯೇ ಲ್ಯಾಪ್‌ಟಾಪಿನಲ್ಲಿ ಧ್ವನಿಮುದ್ರಿಸಿದರು. ಒಬ್ಬ ಹಾಡುವವನು, ಒಂದು ಸ್ಯಾಕ್ಸೋಫೋನು, ಒಂದು ಕೀಬೋರ್ಡು, ಒಂದು ಡೋಲು, ಒಂದು ತಾಸೆ. ಸಭೆ ಮುಗಿಸಿ ಬರುವಾಗ ನಾನೂ ಎರಡು ರಾತ್ರಿ ಅಲ್ಲಿ ಕುಳಿತಿದ್ದೆ.

ತಗಡಿನ ಮಾಡು, ಮಳೆ ಬಂದರೆ ಮುದ್ರಣ ನಿಲ್ಲಬೇಕು. ಗೋಡೆಗೆ ಕಂಬಳಿ ಕಟ್ಟಿದ್ದರು. ಮೈಕು ಎರಡೇ ಇದ್ದುದರಿಂದ ಎಲ್ಲರೂ ಒಟ್ಟಿಗೆ ಬಾರಿಸುವಂತಿಲ್ಲ. ಕಿವಿಯಲ್ಲಿ ತಾಳದ ಟಿಕ್ ಟಿಕ್ ಕೇಳುತ್ತ ಒಬ್ಬೊಬ್ಬರಾಗಿ ಬಾರಿಸಿ, ಕೊನೆಗೆ ಎಲ್ಲವನ್ನೂ ಬೆರೆಸುವುದು. ಜಗಳವಾದದ್ದು ಆ ಬೆರೆಸುವಲ್ಲಿ. ಹಾಡುಗಾರನಿಗೆ ತನ್ನ ದನಿ ಮೇಲೆ ಬರಬೇಕು. ಡೋಲಿನವನು, 'ನಾನು ಎಲ್ಲಿ ಹೋದೆ ಮಾರಾಯಾ?' ಎಂದು ಕೇಳಿದ. ಡೋಲನ್ನು ಏರಿಸಿದಷ್ಟೂ ದನಿ ಒಡೆಯಿತೇ ಹೊರತು ಡೋಲು ಕೇಳಲಿಲ್ಲ. ಕೀಬೋರ್ಡಿನ ಮಂದ್ರದ ಭಾಗವನ್ನು ತಗ್ಗಿಸಿದಾಗ ಡೋಲು ತಾನಾಗಿಯೇ ಎದ್ದು ಬಂತು.

ಇದರಲ್ಲಿ ಪಕ್ಷದವರಿಗೇನು ಕೆಲಸ ಎಂದು ಕೇಳುವವರಿದ್ದಾರೆ. ಹೇಳುತ್ತೇನೆ. ನನ್ನ ಸೋದರಮಾವ ಡೋಲು ಬಾರಿಸುತ್ತಿದ್ದವರು. ಕ್ಯಾಸೆಟ್ಟಿನ ಕಾಲದಲ್ಲಿ ಒಂದು ಭಕ್ತಿಗೀತೆಗೆ ಬಾರಿಸಿ ಒಂದು ದಿನದ ಸಂಬಳ ತಂದರು. ಆ ಕ್ಯಾಸೆಟ್ ವರ್ಷಗಟ್ಟಲೆ ಜಾತ್ರೆಗಳಲ್ಲಿ ಮಾರಾಟವಾಯಿತು. ಹೊದಿಕೆಯ ಮೇಲೆ ಮಾವನ ಹೆಸರಿರಲಿಲ್ಲ, ಆಮೇಲೆ ಒಂದು ಕಾಸೂ ಬರಲಿಲ್ಲ. ಸ್ಟುಡಿಯೋ ಇವರದಲ್ಲ, ಯಂತ್ರ ಇವರದಲ್ಲ, ಆದುದರಿಂದ ಹಾಡೂ ಇವರದಾಗಲಿಲ್ಲ.

ಈಗ ಯಂತ್ರ ಹುಡುಗರ ತೊಡೆಯ ಮೇಲಿದೆ. ೨೦೦೦ದಿಂದಲೂ ಸಿಗುವ ಆಡಾಸಿಟಿಯಂಥ ತಂತ್ರಾಂಶಗಳಿಗೆ ದುಡ್ಡು ಕೊಡಬೇಕಾಗಿಯೂ ಇಲ್ಲ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯಂತೆ ಮುದ್ರಣದ ಹೊಣೆಯನ್ನೂ ಉಪಕ್ರಮವನ್ನೂ ಹೊತ್ತವನೇ ನಿರ್ಮಾಪಕ. ಹಕ್ಕು ಅವನದು, ಅದೂ ೬೦ ವರ್ಷ. ಹಾಗಾದರೆ ಈ ಐವರೇ ನಿರ್ಮಾಪಕರಲ್ಲವೇ? ೨೦೧೨ರ ತಿದ್ದುಪಡಿಯು ಹಾಡು ಬರೆದವನ ಮತ್ತು ರಾಗ ಹಾಕಿದವನ ರಾಯಲ್ಟಿಯನ್ನು ಗಟ್ಟಿ ಮಾಡಿದೆ. ವಾಣಿಜ್ಯದ ಬಳಕೆಯಾದರೆ ಬಾರಿಸಿದವನಿಗೂ ಪಾಲುಂಟೆಂದು ಹೇಳಿದೆ. ಆದರೆ ಹುಡುಗರು ಮಾಡಹೊರಟದ್ದೇನು? ಮಂಗಳೂರಿನ ಯಾರೋ ಒಬ್ಬರು ಇಂಟರ್‌ನೆಟ್ಟಿಗೆ ಏರಿಸಿ ಕೊಡುತ್ತೇವೆಂದದ್ದಕ್ಕೆ, ಇಂಗ್ಲಿಷಿನ ಮೂರು ಪುಟವನ್ನು ಓದದೆ ಸಹಿ ಹಾಕಲು! ಸಕಲ ಹಕ್ಕುಗಳನ್ನೂ ಬರೆದುಕೊಡುವ ಕಾಗದ ಅದು. ನಾನು ಕನ್ನಡದಲ್ಲಿ ಓದಿ ಹೇಳಿದೆ. ಗೇಣಿ ಚೀಟಿಯ ನೆನಪಾಯಿತು.

ಸಜೀಪಮೂಡದಲ್ಲಿ ೧೯೪೯ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ವಿಲಾಯಿತಿಯ ಸ್ಯಾಕ್ಸೋಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ ಲೋಕವನ್ನೇ ಗೆದ್ದರು. ಅದೇ ತಾಲೂಕಿನ ಮೆರವಣಿಗೆಯಲ್ಲಿ ಅದೇ ವಾದ್ಯ ಊದುವವನ ಕೂಲಿಯ ಲೆಕ್ಕ ಇನ್ನೂ ಬಾಯಿಮಾತಿನದು. ಡೋಲಿನ ಮಾತಂತೂ ಬೇರೆಯೇ. ಕೊರಗರನ್ನು ಕೂಲಿಯಿಲ್ಲದೆ ದುಡಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ೨೦೦೦ದಲ್ಲಿ ಕಾಯಿದೆಯನ್ನೇ ಮಾಡಬೇಕಾದ ಜಿಲ್ಲೆ ನಮ್ಮದು.

'ಸ್ನೇಹಿತರೊಳಗೆ ಕಾಗದವೇಕೆ?' ಎಂದ ಹಾಡುಗಾರ. ನಾಳೆ ಹಾಡು ಗೆದ್ದರೆ ಸ್ನೇಹ ಉಳಿಯಲೆಂದೇ ಕಾಗದ ಬೇಕು ಎಂದೆ. ಎರಡು ಗಂಟೆ ಕುಳಿತು ಒಂದೇ ಪುಟ ಬರೆದೆವು: ಐವರ ಹೆಸರು, ಯಾರು ಬರೆದರು, ಯಾರು ಏನು ಬಾರಿಸಿದರು, ಮುದ್ರಣದ ಆದಾಯ ಐದು ಸಮಪಾಲು, ಐವರೂ ಒಪ್ಪದೆ ಹಕ್ಕು ಮಾರತಕ್ಕದ್ದಲ್ಲ. ಬೆರೆಸುವ ಮೊದಲಿನ ಬಿಡಿ ಮುದ್ರಣಗಳ ಒಂದೊಂದು ಪ್ರತಿಯನ್ನು ಪ್ರತಿಯೊಬ್ಬನೂ ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ದ. ಇತರ ವಾದ್ಯದವರೂ ಈ ಪುಟವನ್ನು ನಕಲು ಮಾಡಿಕೊಳ್ಳಬಹುದು, ನಮ್ಮ ಕಚೇರಿಯಲ್ಲಿದೆ.

ನಾಲ್ವರು ಸಹಿ ಹಾಕಿದ್ದಾರೆ. ಡೋಲಿನವನು ಮಾತ್ರ ಇನ್ನೂ ಹಾಕಿಲ್ಲ. ಹಾಡುಗಾರನಷ್ಟೇ ಪಾಲು ತನಗೂ ಉಂಟೆಂಬುದನ್ನು ಅವನು ಇನ್ನೂ ನಂಬಿಲ್ಲ. ಆದಿತ್ಯವಾರ ಮತ್ತೆ ಹೋಗುವವನಿದ್ದೇನೆ.